ಹದಿನಾರು ಸುತ್ತು

ಕೇಳುಗರೇ, ನಮಸ್ಕಾರ.

ನನ್ನ ಮಗಳಿಗೆ 7 ವರ್ಷ. ಅವಳ ಸೈಕಲ್ಲಿನ ಪಕ್ಕದ ಪುಟ್ಟ ಚಕ್ರಗಳನ್ನು ಬಿಚ್ಚಿಸಿ ಆರು ತಿಂಗಳಾಯಿತು. ಅಂದಿನಿಂದ ಸೈಕಲ್ ಅಂದರೆ ಸಾಕು, ಊಟ ಬಿಟ್ಟು ಏಳುತ್ತಾಳೆ. ಮೊನ್ನೆ ಮಲಗಿಸುವಾಗ ಲಂಡನ್ನಿನ ಒಬ್ಬ ಹುಡುಗನ ವಿಷಯ ಹೇಳಿದೆ. ಕಟ್ಟುಕತೆ ಅಲ್ಲ, ನಡೆದದ್ದು.

2010ರ ಜನವರಿ 12ರಂದು ಹೈಟಿ ದೇಶದಲ್ಲಿ ಭಾರಿ ಭೂಕಂಪ ಆಯಿತು. ಅದನ್ನು ಟಿವಿಯಲ್ಲಿ ನೋಡಿದ ಈ ಹುಡುಗನಿಗೂ ಆಗ 7 ವರ್ಷ. ಮನೆ ಹತ್ತಿರದ ಪಾರ್ಕಿನಲ್ಲಿ 5 ಮೈಲಿ, ಅಂದರೆ 8 ಕಿಲೋಮೀಟರ್ ಸೈಕಲ್ ತುಳಿಯುತ್ತೇನೆ, ಅಲ್ಲಿಯವರಿಗೆ ದುಡ್ಡು ಕೊಡಿ ಅಂತ ಕೇಳಿದ. 500 ಪೌಂಡ್ ಸಿಕ್ಕರೆ ಸಾಕು ಅಂದುಕೊಂಡಿದ್ದ. ವಿಶ್ವಸಂಸ್ಥೆಯ ಮಕ್ಕಳ ಸಂಸ್ಥೆ ಯುನಿಸೆಫ್‌ಗೆ ಸೇರಿದ್ದು 2 ಲಕ್ಷ ಪೌಂಡಿಗೂ ಜಾಸ್ತಿ.

ಆ 2 ಲಕ್ಷ ನನ್ನ ಮಗಳ ತಲೆಗೆ ಹೋಗಲೇ ಇಲ್ಲ. "ಎಂಟು ಕಿಲೋಮೀಟರ್ ಅಂದ್ರೆ ನಮ್ಮ ಪಾರ್ಕಿಗೆ ಎಷ್ಟು ಸುತ್ತು?" ಅಂದಳು. ಬೆಳಿಗ್ಗೆ ಹೋಗಿ ಅಳೆದೆವು. 16 ಸುತ್ತು. ದೊಡ್ಡವರಿಗೆ ಎಂಟು ಕಿಲೋಮೀಟರ್ ಏನೂ ಅಲ್ಲ. ಪುಟ್ಟ ಚಕ್ರದ ಸೈಕಲ್ಲಿಗೆ ಅದು ಬಲು ದೂರದ ಪ್ರಯಾಣ.

ಸೈಕಲ್ ಯಾಕೆ ತುಳಿಯಬೇಕು, ಜನ ಸುಮ್ನೆ ದುಡ್ಡು ಕೊಡಬಹುದಿತ್ತಲ್ಲ ಅಂತ ನಾನೇ ಕೆಣಕಿದೆ. ಉತ್ತರ ರೆಡಿ ಇತ್ತು. "ಸುಮ್ನೆ ಕೇಳಿದ್ರೆ ಎದುರು ಮನೆ ತಾತ ಬಾಗಿಲೇ ತೆಗೆಯಲ್ಲ. ಸುತ್ತು ಹೊಡೀತೀನಿ ಅಂದ್ರೆ ನೋಡೋಕೆ ಬರ್ತಾರೆ." ಚಂದಾ ಎತ್ತುವವರು ಇದನ್ನು ಬರೆದಿಟ್ಟುಕೊಳ್ಳಬಹುದು.

ಭೂಕಂಪದಲ್ಲಿ ಮಕ್ಕಳು ಅನಾಥರಾದರು ಅಂತಲೂ ಹೇಳಿದ್ದೆ. ಆಮೇಲೆ ಅನಾಥ ಅಂದ್ರೆ ಯಾರು ಅಂತ ಕೇಳಿದಳು. ಅಪ್ಪ ಅಮ್ಮ ಇಲ್ಲದವರು ಅಂದೆ. "ಅಜ್ಜಿ ಇದ್ರೆ?" ನನ್ನ ಬಾಯಿ ಕಟ್ಟಿತು.

ಅವಳಿಗೆ ಹೇಳದ ಒಂದು ವಿಷಯ ನಿಮಗೆ ಹೇಳುತ್ತೇನೆ. ಅದೇ ಜನವರಿಯ ಕೊನೆಯಲ್ಲಿ ಅಮೆರಿಕದ ಒಂದು ಗುಂಪು 33 ಮಕ್ಕಳನ್ನು ಅನಾಥರು ಅಂತ ಹೇಳಿ, ಬಸ್ಸಿನಲ್ಲಿ ಕೂರಿಸಿಕೊಂಡು ಪಕ್ಕದ ಡೊಮಿನಿಕನ್ ಗಣರಾಜ್ಯಕ್ಕೆ ಹೊರಟಿತ್ತು. ಸರಿಯಾದ ಕಾಗದಪತ್ರ ಇರಲಿಲ್ಲ. ಗಡಿಯಲ್ಲಿ ಪೊಲೀಸರು ತಡೆದರು. ಆ ಮಕ್ಕಳಿಗೆ ಹೆತ್ತವರು ಇದ್ದರು ಅನ್ನೋದು ಆಮೇಲೆ ಹೊರಬಿತ್ತು. ಅಂಥ ಹೊತ್ತಿನಲ್ಲಿ ಒಂಟಿಯಾಗಿ ಸಿಕ್ಕ ಮಗುವಿನ ಹೆಸರು, ಊರು ಬರೆದುಕೊಂಡು, ಅಪ್ಪ ಅಮ್ಮ ಎಲ್ಲಾದರೂ ಇದ್ದಾರಾ, ಅಜ್ಜಿ ಇದ್ದಾಳಾ, ಚಿಕ್ಕಪ್ಪ ಇದ್ದಾನಾ ಅಂತ ಹುಡುಕುವುದೇ ದೊಡ್ಡ ಕೆಲಸ. ಈ ಹುಡುಕಾಟದ ವಿಷಯ ಮಾತ್ರ ಅವಳಿಗೂ ಹೇಳಿದೆ. ಹೊದಿಕೆ, ಹಾಲಿನ ಪುಡಿಯ ಫೋಟೋ ಎಲ್ಲರೂ ತೆಗೆಯುತ್ತಾರೆ. ಹುಡುಕಾಟದ ಫೋಟೋ ತೆಗೆಯುವುದು ಹೇಗೆ?

ಕಳೆದ ಭಾನುವಾರ ಅವಳು 16 ಸುತ್ತು ಹೊಡೆದಳು. ಮಧ್ಯೆ ಎರಡು ಸಲ ನೀರು, ಒಂದು ಸಲ ಅಳು. ಸುತ್ತಿಗೆ ಒಂದು ರೂಪಾಯಿ ಅಂತ ಒಪ್ಪಿದ್ದ ತಾತ ತಡವಾಗಿ ಬಂದರು. "ನಾನು ನೋಡಿದ್ದು ಹನ್ನೊಂದೇ ಪುಟ್ಟಿ" ಅಂತ 11 ರೂಪಾಯಿ ಎಣಿಸಿ ಕೊಟ್ಟರು. ಉಳಿದವರು ಧಾರಾಳಿಗಳು. ದುಡ್ಡು ಲಕೋಟೆಯಲ್ಲಿ ಹಾಕಿ ಫ್ರಿಜ್ ಮೇಲಿಟ್ಟಿದ್ದಾಳೆ. ಮೇಲೆ ಪೆನ್ಸಿಲ್ಲಿನಲ್ಲಿ "ಅಜ್ಜಿ ಹುಡುಕೋಕೆ" ಅಂತ ಬರೆದಿದ್ದಾಳೆ.

ಯಾರಿಗೆ ಕಳಿಸೋದು ಅಂತ ವಿಚಾರಿಸುತ್ತಿದ್ದೇನೆ. ಅಷ್ಟರಲ್ಲಿ ಚೈನಿಗೆ ಎಣ್ಣೆ ಬಿಡಿಸಬೇಕಂತೆ.

ನಮಸ್ಕಾರ.