ಮನೆಯಲ್ಲೇ ಪಾಡ್‌ಕಾಸ್ಟ್: ಮೈಕ್ ಆಮೇಲೆ, ಮೊದಲು ಕೋಣೆ ನೋಡಿ

[ಕಪ್ಪು ಪರದೆ. ಶೀಟಿನ ಮೇಲೆ ಜಡಿಮಳೆ ಸುರಿಯುವ ಸದ್ದು. ಅದರ ಅಡಿಯಲ್ಲಿ ಎಲ್ಲೋ ಒಬ್ಬ ಹೆಂಗಸಿನ ಮಾತು.]

ಏನು ಹೇಳುತ್ತಿದ್ದಾರೆ, ಗೊತ್ತಾಯಿತಾ? ನನಗೂ ಗೊತ್ತಾಗಲಿಲ್ಲ. ಇದು ನನ್ನ ಮೊದಲ ಎಪಿಸೋಡ್. ಮೂಡಿಗೆರೆ ಹತ್ತಿರ ನಮ್ಮ ಅತ್ತೆಯ ಮನೆ, ಜುಲೈ ತಿಂಗಳು. ಕಳಲೆಯನ್ನು, ಅಂದರೆ ಎಳೆ ಬಿದಿರನ್ನು, ಹೇಗೆ ಹದ ಮಾಡಬೇಕು ಅಂತ ಅತ್ತೆ ನಲವತ್ತು ನಿಮಿಷ ಹೇಳಿದರು. ಫೋನು ನಲವತ್ತು ನಿಮಿಷ ಮಳೆಯನ್ನು ರೆಕಾರ್ಡ್ ಮಾಡಿಕೊಂಡಿತು.

[ನಿರೂಪಕ, ಕ್ಯಾಮೆರಾ ಮುಂದೆ. ಹಿಂದೆ ಗೋಡೆಗೆ ತೂಗುಹಾಕಿದ ಕಂಬಳಿ.]

ನಮಸ್ಕಾರ. ಚಿಕ್ಕಮಗಳೂರಿನ ನಮ್ಮ ಮನೆಯಿಂದಲೇ ಮಾತಾಡುತ್ತಿದ್ದೇನೆ. ಪಾಡ್‌ಕಾಸ್ಟ್ ಮಾಡಬೇಕು, ಯಾವ ಮೈಕ್ ತಗೊಳ್ಳಲಿ ಅಂತ ಸುಮಾರು ಜನ ಕೇಳುತ್ತಾರೆ. ಯಾವ ಕೋಣೆಯಲ್ಲಿ ಕೂರಲಿ ಅಂತ ಇದುವರೆಗೆ ಒಬ್ಬರೂ ಕೇಳಿಲ್ಲ. ನಾನಂತೂ ಕೋಣೆಯಿಂದಲೇ ಶುರು ಮಾಡುತ್ತೇನೆ.

ಈಗಲೇ ಎದ್ದು ಮನೆಯ ಒಂದೊಂದು ಕೋಣೆಗೂ ಹೋಗಿ. ನಡುವೆ ನಿಂತು ಜೋರಾಗಿ ಒಂದು ಚಪ್ಪಾಳೆ ಹೊಡೆಯಿರಿ.

[ಖಾಲಿ ಹಾಲ್‌ನಲ್ಲಿ ಚಪ್ಪಾಳೆ. ಸದ್ದು ಝಣ್ ಎಂದು ಉಳಿಯುತ್ತದೆ. ನಂತರ ಬಟ್ಟೆ ತುಂಬಿದ ಕೋಣೆಯಲ್ಲಿ ಚಪ್ಪಾಳೆ. ಸದ್ದು ತಕ್ಷಣ ನಿಲ್ಲುತ್ತದೆ.]

ವ್ಯತ್ಯಾಸ ಕೇಳಿಸಿತಲ್ವಾ? ಟೈಲ್ಸ್ ನೆಲ, ಬೋಳು ಗೋಡೆ ಇದ್ದರೆ ನಿಮ್ಮ ಮಾತು ಅಲ್ಲಿ ಬಡಿದು, ಸ್ವಲ್ಪ ತಡವಾಗಿ ಮೈಕ್‌ಗೆ ವಾಪಸ್ ಬರುತ್ತದೆ. ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳಿಸುವುದು ಅದಕ್ಕೇ. ದುಬಾರಿ ಮೈಕ್ ಇದ್ದರೆ ಆ ಬಾವಿ ಇನ್ನೂ ಸ್ಪಷ್ಟವಾಗಿ ಕೇಳಿಸುತ್ತದೆ, ಅಷ್ಟೇ.

ಇದಕ್ಕೆ ಮದ್ದು ದಪ್ಪನೆಯ, ಮೆತ್ತನೆಯ ವಸ್ತು. ಹಾಸಿಗೆ, ರಗ್ಗು, ಕಂಬಳಿ, ಬಾಗಿಲು ತೆರೆದಿಟ್ಟ ಸೀರೆ ಬೀರು. ನಮ್ಮ ಕಡೆ ಇನ್ನೊಂದು ಅನುಕೂಲ ಇದೆ. ಕಾಫಿ ಕುಯ್ಲು ಮುಗಿದ ಮೇಲೆ ತುಂಬಿದ ಗೋಣಿಚೀಲಗಳನ್ನು ಒಂದು ಕೋಣೆಯಲ್ಲಿ ಜೋಡಿಸಿ ಇಟ್ಟಿರುತ್ತಾರೆ. ಅದರ ಮಧ್ಯೆ ಕೂತು ಮಾತಾಡಿ ನೋಡಿ. ಮೊಟ್ಟೆ ಟ್ರೇ ಅಂಟಿಸುವ ವಿಡಿಯೋ ನೀವೂ ನೋಡಿರುತ್ತೀರಿ. ದಯವಿಟ್ಟು ಬೇಡ. ಅದು ತೆಳು ರಟ್ಟು, ಮಾತಿನ ಸದ್ದನ್ನು ಹೀರುವುದು ತೀರಾ ಕಡಿಮೆ. ಧೂಳು ಮಾತ್ರ ಚೆನ್ನಾಗಿ ಹಿಡಿಯುತ್ತದೆ.

ಆದರೆ ಕಂಬಳಿ ಕಟ್ಟಿದರೆ ಕೋಣೆಯೊಳಗಿನ ಮಾರ್ದನಿ ಮಾತ್ರ ಕಡಿಮೆಯಾಗುತ್ತದೆ. ಹೊರಗಿನ ಸದ್ದು ಬರುತ್ತಲೇ ಇರುತ್ತದೆ. ನಮ್ಮೂರಿನ ಐ.ಜಿ. ರೋಡ್ ಪಕ್ಕದವರಿಗೆ ಹಾರ್ನ್, ತೋಟದ ಮನೆಯವರಿಗೆ ಜೀರುಂಡೆ, ಮಳೆಗಾಲದಲ್ಲಿ ಶೀಟಿನ ಮನೆಯವರಿಗೆ ಬೇರೆ ಮಾತೇ ಇಲ್ಲ. ಅದಕ್ಕೆ ಹೊತ್ತು ನೋಡಿಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಕರೆಂಟು ಹೋದ ಹೊತ್ತೇ ರೆಕಾರ್ಡಿಂಗ್‌ಗೆ ಸುಮುಹೂರ್ತ. ಫ್ಯಾನು, ಫ್ರಿಜ್ಜು, ಪಕ್ಕದ ಮನೆಯ ಮೋಟರು, ಎದುರು ಮನೆಯ ಧಾರಾವಾಹಿ, ಎಲ್ಲ ಒಟ್ಟಿಗೆ ಬಾಯಿ ಮುಚ್ಚುತ್ತವೆ. ಫೋನಿನಲ್ಲಿ ಚಾರ್ಜ್ ಇದ್ದರೆ ಸಾಕು. ಹಾಂ, ಫೋನನ್ನು ಫ್ಲೈಟ್ ಮೋಡ್‌ಗೆ ಹಾಕಿ. ಒಮ್ಮೆ ನನ್ನ ರೆಕಾರ್ಡಿಂಗ್ ನಡುವೆ ಸಾಲ ಬೇಕಾ ಸಾರ್ ಅಂತ ಕಾಲ್ ಬಂತು. ಅರ್ಧ ಎಪಿಸೋಡ್ ಹೋಯಿತು.

[ಟೇಬಲ್ ಮೇಲೆ ಫೋನು, ಕಾಲರ್ ಮೈಕ್, ಯುಎಸ್‌ಬಿ ಮೈಕ್.]

ಈಗ ಮೈಕ್. ಮೊದಲ ನಾಲ್ಕೈದು ಎಪಿಸೋಡ್ ಫೋನಿನಲ್ಲೇ ಮಾಡಿ. ಆಮೇಲೂ ಉತ್ಸಾಹ ಉಳಿದಿದ್ದರೆ ದುಡ್ಡು ಹಾಕಿ. ಮೈಕ್‌ಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಕಂಡೆನ್ಸರ್ ಮೈಕ್ ಬಲು ಸೂಕ್ಷ್ಮ, ಅಡುಗೆಮನೆಯ ಒಗ್ಗರಣೆಯನ್ನೂ ಬಿಡುವುದಿಲ್ಲ. ಡೈನಾಮಿಕ್ ಮೈಕ್ ಹತ್ತಿರದ ಮಾತನ್ನು ಹಿಡಿದು ದೂರದ್ದನ್ನು ಹೆಚ್ಚುಕಡಿಮೆ ಬಿಟ್ಟುಬಿಡುತ್ತದೆ. ನಮ್ಮಂಥ ಮನೆಗಳಿಗೆ ಡೈನಾಮಿಕ್ಕೇ ಒಳ್ಳೆಯದು. ನೇರವಾಗಿ ಯುಎಸ್‌ಬಿಗೆ ಚುಚ್ಚುವಂಥದ್ದಾದರೆ ಮೈಕನ್ನು ಕಂಪ್ಯೂಟರ್‌ಗೆ ಜೋಡಿಸಲು ನಡುವೆ ಬೇರೆ ಪೆಟ್ಟಿಗೆ ಬೇಕಿಲ್ಲ.

ಯಾವ ಮೈಕ್ ಆದರೂ ಬಾಯಿಂದ ಒಂದು ಗೇಣು ದೂರ ಇರಲಿ. ಡೈನಾಮಿಕ್ ಆದರೆ ಇನ್ನೂ ಹತ್ತಿರ. ಈಗ ಅಂಗೈಯನ್ನು ಬಾಯಿ ಮುಂದೆ ಹಿಡಿದು, 'ಭದ್ರಾ ಅಭಯಾರಣ್ಯ' ಅನ್ನಿ. ಭಕಾರಕ್ಕೆ ಉಸಿರು ಬಂದು ಕೈಗೆ ಬಡಿಯಿತಾ? ಅದೇ ಉಸಿರು ಮೈಕ್‌ಗೆ ಬಡಿದಾಗ ಕಿವಿಯಲ್ಲಿ ಧಡ್ ಅನ್ನುತ್ತದೆ. ನಮ್ಮೂರಲ್ಲಿ ಅರ್ಧ ಜನ ಬದ್ರಾ ಅಂತಲೇ ಅನ್ನುವುದು, ಅವರಿಗೆ ಈ ತೊಂದರೆ ಇಲ್ಲ! ಉಳಿದವರು ಮೈಕನ್ನು ಬಾಯಿಯ ನೇರಕ್ಕೆ ಇಡದೆ ಸ್ವಲ್ಪ ಓರೆಯಾಗಿ, ಕೆನ್ನೆಯ ಕಡೆಗೆ ಇಟ್ಟುಕೊಳ್ಳಿ.

ಇಬ್ಬರು ಕೂತು ಮಾತಾಡುವಾಗ ಟೇಬಲ್ ಮೇಲೆ ಮಡಚಿದ ಟವಲ್ ಹಾಸಿ, ಅದರ ಮೇಲೆ ಫೋನಿಡಿ. ಇಲ್ಲದಿದ್ದರೆ ಮೊಣಕೈ ತಾಗಿದ್ದು, ಬೆರಳು ಕುಟ್ಟಿದ್ದು ಎಲ್ಲ ಗುಡುಗಿನ ಹಾಗೆ ಕೇಳುತ್ತದೆ. ಕಾಫಿ ಕೊಡದೆ ಮಾತಾಡಿಸುವುದು ನಮ್ಮಲ್ಲಿ ಆಗದ ಕೆಲಸ, ಗೊತ್ತು. ಸ್ಟೀಲ್ ಲೋಟದ ಬದಲು ಪಿಂಗಾಣಿ ಕಪ್ ಕೊಡಿ, ಅದನ್ನೂ ಬಟ್ಟೆ ಮೇಲೆ ಇಡಿ.

ಮಾತು ಶುರುವಾಗುವ ಮೊದಲು ಹತ್ತು ಸೆಕೆಂಡ್ ಎಲ್ಲರೂ ಸುಮ್ನೆ ಕೂತು ರೆಕಾರ್ಡ್ ಮಾಡಿ. ಯಾಕೆ ಅಂತ ಈಗ ನೋಡಿ.

[ಸ್ಕ್ರೀನ್ ರೆಕಾರ್ಡಿಂಗ್: ಆಡಾಸಿಟಿ.]

ಇದು ಆಡಾಸಿಟಿ, ಧ್ವನಿ ಎಡಿಟ್ ಮಾಡುವ ಸಾಫ್ಟ್‌ವೇರ್. ಕಂಪ್ಯೂಟರ್‌ಗೆ ಪುಕ್ಕಟೆ ಸಿಗುತ್ತದೆ. ಆ ಹತ್ತು ಸೆಕೆಂಡ್ ಮೌನವನ್ನು ಆಯ್ಕೆ ಮಾಡಿ, ಎಫೆಕ್ಟ್‌ನಲ್ಲಿ ನಾಯ್ಸ್ ರಿಡಕ್ಷನ್ ತೆರೆದು, ಗೆಟ್ ನಾಯ್ಸ್ ಪ್ರೊಫೈಲ್ ಒತ್ತಿ. ನಿಮ್ಮ ಕೋಣೆಯ ಗುಂಯ್ ಯಾವುದು ಅಂತ ಅದಕ್ಕೆ ಪರಿಚಯ ಮಾಡಿಸಿದ ಹಾಗೆ. ಆಮೇಲೆ ಇಡೀ ರೆಕಾರ್ಡಿಂಗ್ ಆಯ್ಕೆ ಮಾಡಿ, ಮತ್ತೆ ಅದನ್ನೇ ತೆರೆದು ಓಕೆ ಕೊಡಿ. ಫ್ಯಾನಿನ ಹಾಗೆ ಒಂದೇ ಸಮನೆ ಬರುವ ಸದ್ದು ಕಡಿಮೆಯಾಗುತ್ತದೆ. ಮಳೆ ಒಂದೇ ಸಮ ಇರುವುದಿಲ್ಲವಲ್ಲ, ಅದಕ್ಕೇ ನನ್ನ ಕಳಲೆ ಎಪಿಸೋಡ್ ಬದುಕಲಿಲ್ಲ. ಅಲ್ಲಿರುವ ಸ್ಲೈಡರ್ ಜಾಸ್ತಿ ಎಳೆದರೆ ಮಾತು ನೀರೊಳಗಿಂದ ಬಂದ ಹಾಗಾಗುತ್ತದೆ, ಹುಷಾರು.

ಎಡಿಟಿಂಗ್ ಬಗ್ಗೆ ನನ್ನದು ಒಂದೇ ಮಾತು. ಪ್ರತಿ 'ಆಂ', 'ಅದೂ' ಎಲ್ಲ ಕತ್ತರಿಸಬೇಡಿ. ಹಿರಿಯರು ನೆನಪು ಮಾಡಿಕೊಳ್ಳುತ್ತಾ ನಿಲ್ಲಿಸುವ ಎರಡು ಸೆಕೆಂಡ್ ಹಾಗೇ ಇರಲಿ. ಮುಗಿದ ಮೇಲೆ ಮೋನೋ, ಅಂದರೆ ಒಂದೇ ಚಾನೆಲ್‌ನ, ಎಂಪಿ3 ಮಾಡಿ ಉಳಿಸಿ. ಗುಣಮಟ್ಟವನ್ನು 128 ಕೆಬಿಪಿಎಸ್‌ಗೆ ಇಟ್ಟರೆ ನಿಮಿಷಕ್ಕೆ ಹೆಚ್ಚುಕಡಿಮೆ 1 ಎಂಬಿ. ಬೆಟ್ಟದ ಮೇಲೆ ನೆಟ್‌ವರ್ಕ್ ಹುಡುಕುವವರಿಗೂ ಅಪ್‌ಲೋಡ್ ಆಗುತ್ತದೆ.

ಇನ್ನು ಜನಕ್ಕೆ ತಲುಪಿಸುವುದು. ಪಾಡ್‌ಕಾಸ್ಟ್ ಅನ್ನುವ ಪದ 2004ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಒಂದು ಲೇಖನದಲ್ಲಿ ಬಂತು, ಐಪಾಡ್ ಅನ್ನುವ ಆಪಲ್‌ನ ಹಾಡು ಕೇಳುವ ಸಾಧನದ ಹೆಸರು ಮತ್ತು ಬ್ರಾಡ್‌ಕಾಸ್ಟ್ ಸೇರಿಸಿ. ಐಪಾಡ್ ಹೋಯಿತು, ಹೆಸರು ಉಳಿಯಿತು. ಅದರ ಹಿಂದಿರುವ ಆರ್‌ಎಸ್‌ಎಸ್ ಫೀಡ್, ಅಂದರೆ ಆ್ಯಪ್‌ಗಳು ಹೊಸ ಎಪಿಸೋಡ್ ನೋಡಿಕೊಳ್ಳುವ ಪಟ್ಟಿ, ಕೂಡ ಹಾಗೇ ಉಳಿದಿದೆ. ಸ್ಪಾಟಿಫೈ ಫಾರ್ ಕ್ರಿಯೇಟರ್ಸ್‌ನಂಥ ಪುಕ್ಕಟೆ ಜಾಗದಲ್ಲಿ ಆಡಿಯೋ ಹಾಕಿದರೆ ನಿಮ್ಮ ಹೆಸರಿಗೆ ಒಂದು ಫೀಡ್ ವಿಳಾಸ ಸಿಗುತ್ತದೆ. ಅದನ್ನು ಆಪಲ್ ಪಾಡ್‌ಕಾಸ್ಟ್ಸ್‌ನಂಥ ಬೇರೆ ಕಡೆಗೂ ಒಮ್ಮೆ ಕೊಟ್ಟರೆ ಆಯಿತು, ಮನೆಗೆ ಪೇಪರ್ ಹಾಕಿಸಿಕೊಂಡ ಹಾಗೆ. ಹೊಸ ಎಪಿಸೋಡ್ ತಾನಾಗಿಯೇ ಹೋಗಿ ಬೀಳುತ್ತದೆ. ಚೌಕಾಕಾರದ ಒಂದು ಚಿತ್ರ ಬೇಕು, 3000 ಪಿಕ್ಸೆಲ್ ಅಗಲ, ಅಷ್ಟೇ ಎತ್ತರ. ಹೆಸರು ಕನ್ನಡದಲ್ಲೇ, ದೊಡ್ಡದಾಗಿ ಬರೆಯಿರಿ. ಫೋನಿನಲ್ಲಿ ಅದು ಉಗುರಿನಷ್ಟು ಕಾಣುತ್ತದೆ.

ಫೆಬ್ರವರಿಯಲ್ಲಿ ಮತ್ತೆ ಅತ್ತೆ ಮನೆಗೆ ಹೋಗಿದ್ದೆ. ಅದೇ ಫೋನು, ಈ ಸಲ ಚೀಲದ ಕೋಣೆ. ಅತ್ತೆಗೆ ಸ್ವಲ್ಪ ಸಿಟ್ಟಿತ್ತು.

[ಕಪ್ಪು ಪರದೆ. ಸ್ಪಷ್ಟವಾದ ಹೆಂಗಸಿನ ಧ್ವನಿ, ಹಿಂದೆ ಏನೂ ಸದ್ದಿಲ್ಲ.]

"ಒಂದ್ಸಲ ಹೇಳಿದ್ನಲ್ಲೋ ಮಗಾ, ಮತ್ತೆ ಯಾಕೆ? ಸರಿ, ಕೇಳು. ಹೆಚ್ಚಿ ನೀರಿಗೆ ಹಾಕ್ಬೇಕು. ಮೂರು ದಿನ. ದಿನಾ ನೀರು ಬದಲಾಯಿಸ್ಬೇಕು, ಮರೀಬಾರ್ದು..."