ಮಾಂಟ್ಗೊಮರಿ ಬಸ್ಸು, ಹೊಸೂರು ರಸ್ತೆ: ಹಕ್ಕು ಕೇಳಲು ಕಲ್ಲು ಎತ್ತಲೇಬೇಕಾ?

ನಮಸ್ಕಾರ. "ಶಾಂತಿಯಿಂದ ಕೂತರೆ ಯಾರೂ ತಿರುಗಿ ನೋಡಲ್ಲ, ಒಂದು ಬಸ್ಸಿಗೆ ಕಲ್ಲು ಬಿದ್ದರೆ ಸರ್ಕಾರ ಓಡಿ ಬರುತ್ತೆ." ಈ ಮಾತು ನೀವೂ ಕೇಳಿರುತ್ತೀರಿ, ಅಲ್ವಾ? ಸುಮ್ನೆ ತಳ್ಳಿಹಾಕುವ ಮಾತಲ್ಲ ಇದು. ನೋಡೋಣ ಬನ್ನಿ.

[ತೆರೆಯ ಮೇಲೆ: ಅಮೆರಿಕದ ನಕ್ಷೆ, ಅಲಬಾಮಾ ರಾಜ್ಯ]

1955ರ ಡಿಸೆಂಬರ್ 1, ಮಾಂಟ್ಗೊಮರಿ. ಸಿಟಿ ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡದ ಕಪ್ಪು ಮಹಿಳೆ ರೋಸಾ ಪಾರ್ಕ್ಸ್ ಅವರನ್ನು ಪೊಲೀಸರು ಬಂಧಿಸಿದರು. ಇಷ್ಟು ಎಲ್ಲರಿಗೂ ಗೊತ್ತು. ನನಗೆ ಮುಖ್ಯ ಅನ್ನಿಸುವುದು ಆಮೇಲಿನದು. ಊರಿನ ಕಪ್ಪು ಜನ 381 ದಿನ ಸಿಟಿ ಬಸ್ ಹತ್ತಲಿಲ್ಲ. ಮತ್ತೆ ಕೆಲಸಕ್ಕೆ ಹೋಗುವುದು ಹೇಗೆ? ಸುಮಾರು 300 ಕಾರು ಒಟ್ಟುಮಾಡಿದರು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು, ಎಲ್ಲಾ ಮೊದಲೇ ಗೊತ್ತುಮಾಡಿದರು. ಚರ್ಚುಗಳಲ್ಲಿ ಚಂದಾ ಎತ್ತಿದರು. ಉಳಿದವರು ನಡೆದೇ ಹೋದರು. ಬಸ್ಸಿನ ಪ್ರಯಾಣಿಕರಲ್ಲಿ ಜಾಸ್ತಿ ಜನ ಇವರೇ, ಹಾಗಾಗಿ ಕಂಪನಿಯ ಆದಾಯ ಕುಸಿಯಿತು. ಜೊತೆಗೆ ಬಸ್ಸಿನ ಈ ಭೇದದ ವಿರುದ್ಧ ಕೋರ್ಟಿನಲ್ಲಿ ಕೇಸು. 1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಅವರ ಕಡೆಗೇ ಬಂತು.

ನಡುವೆ ಜನವರಿಯಲ್ಲಿ ಈ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಮನೆಗೆ ಬಾಂಬ್ ಬಿತ್ತು. ಹೆಂಡತಿ, ಪುಟ್ಟ ಮಗು ಒಳಗಿದ್ದರು. ಹೊರಗೆ ಸಿಟ್ಟಾದ ಜನ ಸೇರಿದರು, ಕೆಲವರ ಕೈಯಲ್ಲಿ ಆಯುಧ. ಕಿಂಗ್ ಜಗಲಿಯಲ್ಲಿ ನಿಂತು ಅವರನ್ನೆಲ್ಲ ಮನೆಗೆ ಕಳಿಸಿದರು.

ಅಂಥ ಸಂಯಮ ತಾನಾಗಿ ಬರುವುದಿಲ್ಲ. ಜೇಮ್ಸ್ ಲಾಸನ್ ಎಂಬ ಪಾದ್ರಿ ನಾಗಪುರದಲ್ಲಿದ್ದಾಗ ಗಾಂಧಿಯವರ ದಾರಿಯನ್ನು ಅಭ್ಯಾಸ ಮಾಡಿದ್ದರು. ಆಮೇಲೆ ನ್ಯಾಶ್ವಿಲ್ ಊರಿನಲ್ಲಿ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟರು. ಒಬ್ಬ ಕುರ್ಚಿಯಲ್ಲಿ ಕೂರಬೇಕು. ಗೆಳೆಯರೇ ಬಿಳಿಯರಂತೆ ಬಂದು ಬಯ್ಯಬೇಕು, ತಳ್ಳಬೇಕು, ಮುಖಕ್ಕೆ ಸಿಗರೇಟಿನ ಹೊಗೆ ಬಿಡಬೇಕು. ಅವನು ಕೈ ಎತ್ತಬಾರದು. 1960ರಲ್ಲಿ ಆ ಊರಿನಲ್ಲಿ ಬಿಳಿಯರಿಗೆ ಮಾತ್ರ ಇದ್ದ ಹೋಟೆಲ್ ಕೌಂಟರುಗಳಲ್ಲಿ ಹೋಗಿ ಕೂತವರು ಹೀಗೆ ತಯಾರಾದವರು.

ಕಪ್ಪು ಜನರ ಇನ್ನೊಬ್ಬ ನಾಯಕ ಮಾಲ್ಕಮ್ ಎಕ್ಸ್ ಇದನ್ನು ಒಪ್ಪಲಿಲ್ಲ. ಹೊಡೆತ ತಿನ್ನುವವನಿಗೆ ತನ್ನನ್ನು ಕಾಪಾಡಿಕೊಳ್ಳುವ ಹಕ್ಕಿಲ್ಲವೇ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಮನೆಗೆ ನುಗ್ಗಿದವನನ್ನು ತಡೆಯುವುದು ಬೇರೆ, ಬೀದಿಗಿಳಿದು ಬೆಂಕಿ ಹಚ್ಚುವುದು ಬೇರೆ. ನನ್ನ ತಕರಾರು ಎರಡನೆಯದರ ಬಗ್ಗೆ.

[ತೆರೆಯ ಮೇಲೆ: ಹೊಸೂರು ರಸ್ತೆ, 2016ರ ಏಪ್ರಿಲ್]

ಈಗ ನಮ್ಮೂರು ಬೆಂಗಳೂರಿಗೆ ಬರೋಣ. ಪಿಎಫ್ ದುಡ್ಡಿನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ನಿಯಮ ತಂದಿತು. ಮಗಳ ಮದುವೆ, ಮಗನ ಫೀಸು, ಊರಿನ ಸಾಲ, ಎಲ್ಲಕ್ಕೂ ಆ ದುಡ್ಡನ್ನೇ ನೆಚ್ಚಿಕೊಂಡವರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು. ಏಪ್ರಿಲ್ 18ರಂದು ಸಾವಿರಾರು ಜನ ಮಷೀನ್ ನಿಲ್ಲಿಸಿ ರಸ್ತೆಗೆ ಬಂದರು. ಮರುದಿನ ಬಸ್ಸುಗಳು ಉರಿದವು, ಲಾಠಿ ಬೀಸಿತು. ಅದೇ ದಿನ ಸರ್ಕಾರ ನಿಯಮ ವಾಪಸ್ ತೆಗೆದುಕೊಂಡಿತು.

ಬೆಂಕಿಯೇ ಗೆಲ್ಲಿಸಿತು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅಷ್ಟೊಂದು ಕಾರ್ಖಾನೆಗಳು ಒಟ್ಟಿಗೆ ನಿಂತುಹೋದದ್ದೇ ಅವರ ಬಲ. ಬೆಂಕಿ ಬಿದ್ದ ಮೇಲೆ ಟಿವಿಯಲ್ಲಿ ಪಿಎಫ್ ಮಾತು ಹಿಂದೆ ಸರಿಯಿತು, ಪೊಲೀಸರಿಗೆ ಲಾಠಿ ಎತ್ತಲು ನೆಪ ಸಿಕ್ಕಿತು. ಏಟು ತಿಂದವರಲ್ಲಿ ಕಲ್ಲನ್ನೇ ಮುಟ್ಟದವರೂ ಇದ್ದರು.

ಎರಿಕಾ ಚೆನೊವೆತ್ ಮತ್ತು ಮರಿಯಾ ಸ್ಟೀಫನ್ ಎಂಬ ಸಂಶೋಧಕರು 1900ರಿಂದ 2006ರವರೆಗಿನ 323 ದೊಡ್ಡ ಹೋರಾಟಗಳನ್ನು ಲೆಕ್ಕ ಹಾಕಿದರು. ಅಹಿಂಸೆಯವು 53% ಗೆದ್ದವು, ಹಿಂಸೆಯವು 26%. ಅವರು ಕೊಡುವ ಮುಖ್ಯ ಕಾರಣ ಜನಬಲ. ಮಗು ಎತ್ತಿಕೊಂಡವಳು, ಮಂಡಿನೋವಿನ ಅಜ್ಜಿ ಕೂಡ ಧರಣಿಗೆ ಬರಬಹುದು. ಕಲ್ಲೆಸೆತಕ್ಕೆ ಬರುವವರು ಎಷ್ಟು ಜನ?

ಆದರೆ ಅಹಿಂಸೆಗೂ ಒತ್ತಡ ಬೇಕು. 2017ರ ಮಾರ್ಚಿನಲ್ಲಿ ಅಂಗನವಾಡಿ ಕಾರ್ಯಕರ್ತೆಯರು ಶೇಷಾದ್ರಿ ರಸ್ತೆಯಲ್ಲೇ ರಾತ್ರಿಗಟ್ಟಲೆ ಮಲಗಿದರು. ಸರ್ಕಾರ ಮಾತುಕತೆಗೆ ಕರೆಯಿತು. 2021ರ ಆದೇಶದ ಪ್ರಕಾರ ಈಗ ಬೆಂಗಳೂರಿನಲ್ಲಿ ಪ್ರತಿಭಟನೆ ಫ್ರೀಡಂ ಪಾರ್ಕಿನ ಒಳಗೆ ಮಾತ್ರ. ಟ್ರಾಫಿಕ್ಕಿನ ಕಷ್ಟ ನನಗೂ ಗೊತ್ತು. ಆದರೂ ಈ ಆದೇಶ ಹೋಗಬೇಕು ಅಂತಲೇ ನಾನು ಹೇಳುತ್ತೇನೆ. ಶಾಂತಿಯಿಂದ ಕೂತವರನ್ನು ಊರಿನ ಕಣ್ಣಿಂದ ಮರೆಮಾಡಿದರೆ, ಕಲ್ಲು ಎತ್ತಬೇಡ ಎಂದು ಯಾವ ಮುಖ ಇಟ್ಟುಕೊಂಡು ಹೇಳುವುದು?