ಪ್ರೇಮಕ್ಕೆ ಎದುರಾಗುವ ಅಡ್ಡಿ: ಏಷ್ಯಾದ ಪ್ರೇಮ ಧಾರಾವಾಹಿಗಳನ್ನು ಕುರಿತು

ಕೇಳುಗರಿಗೆ ನಮಸ್ಕಾರ.

ಕೊರಿಯಾ, ಜಪಾನ್, ತೈವಾನ್, ಪಾಕಿಸ್ತಾನಗಳ ಪ್ರೇಮ ಧಾರಾವಾಹಿಗಳ ಮಾತು ಬಂದಾಗ ನಾಯಕನ ರೂಪ, ನಾಯಕಿಯ ಉಡುಪು, ಹಿನ್ನೆಲೆಯ ಹಾಡು, ಹಿಮ ಸುರಿಯುವ ದೃಶ್ಯ ಇವುಗಳದ್ದೇ ಚರ್ಚೆಯಾಗುತ್ತದೆ. ಇವುಗಳ ಆಕರ್ಷಣೆಯನ್ನು ನಾನು ಅಲ್ಲಗಳೆಯುವುದಿಲ್ಲ. ಹಿಮ ನೋಡುವ ಆಸೆಗೇ ಕೊರಿಯಾದ ಧಾರಾವಾಹಿಯ ಮುಂದೆ ಕೂತವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಹಲವು ವರ್ಷಗಳಿಂದ ಇವುಗಳನ್ನು ನೋಡುತ್ತಾ ಬಂದ ಪ್ರೇಕ್ಷಕಿಯಾಗಿ ನಾನು ಬೇರೊಂದು ಅಳತೆಗೋಲು ಇಟ್ಟುಕೊಂಡಿದ್ದೇನೆ. ಇಬ್ಬರು ಪ್ರೀತಿಸುತ್ತಾರೆ ಎಂಬುದು ಎಲ್ಲ ಪ್ರೇಮಕಥೆಗಳಲ್ಲೂ ಇರುವುದೇ. ಅವರನ್ನು ತಡೆಯುವುದು ಏನು ಎಂಬುದರಲ್ಲಿ ಒಂದು ಕಥೆ ಇನ್ನೊಂದರಿಂದ ಬೇರೆಯಾಗುತ್ತದೆ. ಆ ಅಡ್ಡಿ ಬದುಕಿನಿಂದ ಬಂದದ್ದಾದರೆ ಪ್ರೇಮವನ್ನೂ ನಂಬುತ್ತೇವೆ. ಅದು ಬರಹಗಾರರ ಮೇಜಿನ ಮೇಲೆ ಹುಟ್ಟಿದ್ದಾದರೆ, ಜೋಡಿ ಎಷ್ಟೇ ಚೆಲುವಾಗಿರಲಿ, ಎಂಟನೆಯ ಕಂತಿನ ಹೊತ್ತಿಗೆ ಆಕಳಿಕೆ ಬರುತ್ತದೆ.

ಕೊರಿಯಾದ ಧಾರಾವಾಹಿಗಳನ್ನು ಹೊರದೇಶಗಳಲ್ಲಿ ಮನೆಮಾತಾಗಿಸಿದ ‘ವಿಂಟರ್ ಸೊನಾಟಾ’ವನ್ನೇ ಮೊದಲು ತೆಗೆದುಕೊಳ್ಳೋಣ. ಯೂನ್ ಸೊಕ್ ಹೋ ನಿರ್ದೇಶನದ ಈ 20 ಕಂತುಗಳ ಧಾರಾವಾಹಿ 2002ರ ಆರಂಭದಲ್ಲಿ ಕೆಬಿಎಸ್ ವಾಹಿನಿಯಲ್ಲಿ ಬಂದಿತು. ಮರುವರ್ಷ ಜಪಾನಿನ ಎನ್‌ಎಚ್‌ಕೆ ಅದನ್ನು ತನ್ನ ಉಪಗ್ರಹ ವಾಹಿನಿಯಲ್ಲಿಯೂ 2004ರಲ್ಲಿ ಮುಖ್ಯ ವಾಹಿನಿಯಲ್ಲಿಯೂ ಪ್ರಸಾರ ಮಾಡಿದಾಗ ಅಲ್ಲಿನ ಮಧ್ಯವಯಸ್ಸಿನ ಮಹಿಳೆಯರು ನಾಯಕ ನಟ ಬೇ ಯೊಂಗ್ ಜೂನ್‌ಗೆ ಮರುಳಾದರು. ಅದೇ ವರ್ಷದ ನವೆಂಬರಿನಲ್ಲಿ ಅವನು ಟೋಕಿಯೋಗೆ ಬಂದಿಳಿದಾಗ ನರಿತಾ ವಿಮಾನ ನಿಲ್ದಾಣದಲ್ಲಿ ಸಾವಿರಾರು ಮಂದಿ ಕಾದು ನಿಂತಿದ್ದರು. ಕಥೆ ಹೀಗಿದೆ. ಅಪಘಾತದಲ್ಲಿ ಸತ್ತನೆಂದು ನಂಬಲಾದ ಜುನ್‌ಸಾಂಗ್ ಹತ್ತು ವರ್ಷಗಳ ನಂತರ ಬೇರೊಂದು ಹೆಸರಿನಲ್ಲಿ, ಹಳೆಯ ನೆನಪು ಒಂದೂ ಇಲ್ಲದೆ, ಯುಜಿನ್‌ಳ ಎದುರಿಗೆ ಬಂದು ನಿಲ್ಲುತ್ತಾನೆ. ಅಷ್ಟರಲ್ಲಿ ಅವಳಿಗೆ ಬೇರೊಬ್ಬನೊಡನೆ ಮದುವೆ ನಿಶ್ಚಯವಾಗಿರುತ್ತದೆ.

ನೆನಪು ಅಳಿಸಿಹೋಗುವ ಈ ಉಪಾಯವನ್ನು ಕಂಡು ನಗುವವರಿದ್ದಾರೆ. ನಾವು ನಗುವ ಹಾಗಿಲ್ಲ. ಮಹಾಭಾರತದ ದುಷ್ಯಂತ ತುಂಬಿದ ಸಭೆಯಲ್ಲಿ ಶಕುಂತಲೆಯನ್ನು ಗುರುತಿಸಿಯೂ ಗುರುತಿಸದವನಂತೆ ನಟಿಸುತ್ತಾನೆ. ಕಾಳಿದಾಸನ ನಾಟಕದಲ್ಲಾದರೆ ಅದೇ ದುಷ್ಯಂತ ದುರ್ವಾಸರ ಶಾಪದಿಂದ ಅವಳನ್ನು ನಿಜವಾಗಿಯೇ ಮರೆತಿರುತ್ತಾನೆ. ಶಾಪ ಕಥೆಯೊಳಗೆ ಕಾಲಿಟ್ಟ ಕ್ಷಣವೇ ಅರಸನ ತಪ್ಪು ತಪ್ಪಲ್ಲವಾಗಿ, ನೋಡುವವರಿಗೆ ಇಬ್ಬರ ಮೇಲೂ ಮರುಕ ಹುಟ್ಟುತ್ತದೆ. ‘ವಿಂಟರ್ ಸೊನಾಟಾ’ದ ಮರೆವು ಮಾಡುವ ಕೆಲಸವೂ ಅದೇ. ಯಾರನ್ನೂ ದೂರುವ ಹಾಗಿಲ್ಲದ ದುಃಖ ಅದು, ಆದ್ದರಿಂದಲೇ ಅಷ್ಟು ಜನರನ್ನು ಅಳಿಸಿತು. ನನ್ನ ತಕರಾರು ಇರುವುದು ಅನಂತರದ ಬೆಳವಣಿಗೆಗೆ. ನೆನಪು ಮರಳಿದ ಮೇಲೆ ಇವರಿಬ್ಬರೂ ಒಂದೇ ತಂದೆಯ ಮಕ್ಕಳಿರಬಹುದೇ ಎಂಬ ಸಂಶಯ. ಅದು ಪರಿಹಾರವಾಗುತ್ತಿದ್ದಂತೆ ನಾಯಕನ ಕಣ್ಣಿಗೆ ಕುತ್ತು. ಒಂದು ಅಡ್ಡಿಯನ್ನು ನಂಬಬಹುದು, ಒಂದರ ಬಾಲ ಹಿಡಿದು ಮತ್ತೊಂದು ಬರತೊಡಗಿದರೆ ವಿಧಿಯ ಹಿಂದೆ ಕೂತ ಲೇಖಕರ ಕೈ ಕಾಣತೊಡಗುತ್ತದೆ.

ಇದಕ್ಕೆ ವಿರುದ್ಧವಾದ ದಾರಿ ತೈವಾನಿನಿಂದ ಬಂತು. ಜಪಾನಿನ ಯೋಕೊ ಕಾಮಿಯೊ 1992ರಿಂದ ಬರೆದ ಕಾಮಿಕ್ಸ್ ಮಾಲೆಯೊಂದನ್ನು ಆಧರಿಸಿ 2001ರಲ್ಲಿ ‘ಮೀಟಿಯರ್ ಗಾರ್ಡನ್’ ತಯಾರಾಯಿತು. ಅದೇ ಕಥೆ 2005ರಲ್ಲಿ ಜಪಾನಿನಲ್ಲಿ, 2009ರಲ್ಲಿ ‘ಬಾಯ್ಸ್ ಓವರ್ ಫ್ಲವರ್ಸ್’ ಎಂಬ ಹೆಸರಿನಿಂದ ಕೊರಿಯಾದಲ್ಲಿ, 2018ರಲ್ಲಿ ಚೀನಾದಲ್ಲಿ, 2021ರಲ್ಲಿ ಥಾಯ್ಲೆಂಡಿನಲ್ಲಿ ಮರುಹುಟ್ಟು ಪಡೆಯಿತು. ಪಕ್ಕದ ತಮಿಳುನಾಡಿನಲ್ಲಿ ಪುದುಯುಗಂ ವಾಹಿನಿ ಕೊರಿಯಾದ ಆವೃತ್ತಿಯನ್ನು ತಮಿಳಿನಲ್ಲಿಯೇ ತೋರಿಸಿತು. ಇಲ್ಲಿ ಅಡ್ಡಿ ಹಣ, ಆದ್ದರಿಂದ ಅದು ಪೂರ್ತಿ ನಿಜವಾದದ್ದು. ಕೊರಿಯಾದ ಆವೃತ್ತಿಯ ಆರಂಭವನ್ನು ನೋಡಿ: ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯವನ ಮಗಳು ಜಾನ್‌ಡಿ, ಶ್ರೀಮಂತರ ಶಾಲೆಯ ವಿದ್ಯಾರ್ಥಿಯೊಬ್ಬನಿಗೆ ಅವನ ಬಟ್ಟೆ ತಲುಪಿಸಲು ಹೋಗುತ್ತಾಳೆ, ಆ ಹುಡುಗ ಸಹಪಾಠಿಗಳ ಕಾಟ ತಾಳಲಾರದೆ ಮಹಡಿಯ ಅಂಚಿನಲ್ಲಿ ಜಿಗಿಯಲು ನಿಂತಿರುತ್ತಾನೆ. ಇಷ್ಟು ಗಟ್ಟಿಯಾಗಿ ಆರಂಭವಾದ ಕಥೆ, ಆ ಕಾಟದ ಗುಂಪಿಗೆ ನಾಯಕನಾಗಿದ್ದವನನ್ನೇ ಅವಳ ಪ್ರಿಯಕರನನ್ನಾಗಿ ಮಾಡುತ್ತದೆ. ಅವಮಾನ ಮಾಡುವುದು ಪ್ರೀತಿಯ ಪೀಠಿಕೆ ಎಂಬಂತೆ, ಕೈ ಹಿಡಿದು ದರದರನೆ ಎಳೆದುಕೊಂಡು ಹೋಗುವುದು ಪೌರುಷವೆಂಬಂತೆ ತೋರಿಸುವ ರೂಢಿ ಈ ಕಥೆಯಿಂದ ಬಲಗೊಂಡಿತು, ಮತ್ತು ಅದು ಹಲವು ವರ್ಷ ಅನೇಕ ಧಾರಾವಾಹಿಗಳನ್ನು ಕಾಡಿತು. ಬಡವ ಬಲ್ಲಿದರ ನಡುವಿನ ಅಂತರವನ್ನು ಅಡ್ಡಿಯಾಗಿ ತಂದವರೇ, ಬಲ್ಲಿದನ ದರ್ಪವನ್ನು ಆಕರ್ಷಣೆಯಾಗಿ ಮಾರಿದರು ಎಂಬುದು ನನ್ನ ಆಕ್ಷೇಪ.

ಹೊರಗಿನ ಅಡ್ಡಿಯೇ ಇಲ್ಲದೆ ಪ್ರೇಮ ಮುರಿಯುವುದನ್ನು ತೋರಿಸಿದವರು ಜಪಾನೀಯರು. 1991ರಲ್ಲಿ ಫೂಜಿ ವಾಹಿನಿಯಲ್ಲಿ ಸೋಮವಾರ ರಾತ್ರಿ ಒಂಬತ್ತಕ್ಕೆ ಬರುತ್ತಿದ್ದ ‘ಟೋಕಿಯೋ ಲವ್ ಸ್ಟೋರಿ’ಯ 11 ಕಂತುಗಳಲ್ಲಿ ದುಷ್ಟರಿಲ್ಲ, ಕಾಯಿಲೆಯಿಲ್ಲ, ಅಡ್ಡಗಾಲು ಹಾಕುವ ಹೆತ್ತವರಿಲ್ಲ. ಊರಿನಿಂದ ಟೋಕಿಯೋಗೆ ಕೆಲಸಕ್ಕೆ ಬಂದ ಕಾಂಜಿಗೆ ತನ್ನ ಮನಸ್ಸು ತನಗೇ ಗೊತ್ತಿಲ್ಲ, ಅಷ್ಟೆ. ಅವನನ್ನು ಮುಚ್ಚುಮರೆಯಿಲ್ಲದೆ ಪ್ರೀತಿಸುವ ರಿಕಾ ಒಂದು ಕಡೆ, ಶಾಲೆಯ ದಿನಗಳಿಂದ ಮನಸ್ಸಿನಲ್ಲಿ ಕೂತ ಸತೋಮಿ ಇನ್ನೊಂದು ಕಡೆ. ರಿಕಾಳನ್ನು ಕಾಣಲು ಅವನು ಹೊರಡುವ ಹೊತ್ತಿಗೆ ಸರಿಯಾಗಿ ಸತೋಮಿ ಬೇಯಿಸಿದ ಒಡೆನ್ ಸಾರಿನ ಡಬ್ಬಿ ಹಿಡಿದು ಬಾಗಿಲಿಗೆ ಬರುತ್ತಾಳೆ. ಜಪಾನಿನ ಪ್ರೇಕ್ಷಕರು ಆ ಸಾರಿಗಾಗಿ ಅವಳನ್ನು ಇಂದಿಗೂ ಕ್ಷಮಿಸಿದಂತಿಲ್ಲ. ರಿಕಾ ಕೊನೆಗೆ ಕಡಲ ತೀರದ ಬೈಶಿಂಜಿ ನಿಲ್ದಾಣದ ಕಂಬಿಗೆ ವಿದಾಯ ಬರೆದ ಕರವಸ್ತ್ರ ಕಟ್ಟಿ ರೈಲು ಹತ್ತುತ್ತಾಳೆ. ಅಡ್ಡಿ ನಾಯಕನ ಒಳಗೇ ಇದ್ದಾಗ ಅದನ್ನು ದಾಟಿಸಲು ಯಾವ ಲೇಖಕರಿಂದಲೂ ಆಗದು ಎಂಬುದನ್ನು ಈ ಹಳೆಯ ಧಾರಾವಾಹಿಯಷ್ಟು ನಿಷ್ಠುರವಾಗಿ ಹೇಳಿದ್ದನ್ನು ನಾನು ಅನಂತರ ಹೆಚ್ಚು ಕಂಡಿಲ್ಲ.

ಇನ್ನು ಕಂತುಗಳ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ಅಡ್ಡಿಯ ಗುಣಕ್ಕೂ ಕಥೆಯ ಉದ್ದಕ್ಕೂ ನೇರ ಸಂಬಂಧವಿದೆ. ನಮ್ಮ ಕನ್ನಡದ ದೈನಿಕ ಧಾರಾವಾಹಿ ಎಲ್ಲಿ ಮುಗಿಯುತ್ತದೆ ಎಂಬುದು ಆರಂಭಿಸುವವರಿಗೂ ತಿಳಿದಿರುವುದಿಲ್ಲ. ಜನ ನೋಡುವಷ್ಟು ಕಾಲ ಅದು ನಡೆಯಬೇಕು, ನಡೆಯುವಷ್ಟು ಕಾಲ ಅಡ್ಡಿ ತೊಲಗಬಾರದು. ಹಾಗಾಗಿ ಅತ್ತೆ ಸೋತರೆ ನಾದಿನಿ, ನಾದಿನಿ ಸುಧಾರಿಸಿದರೆ ಗಂಡನ ಹಳೆಯ ಗೆಳತಿ, ಹೀಗೆ ಸಂಚು ಕೈಬದಲಾಯಿಸುತ್ತಾ ಸಾಗುತ್ತದೆ. ನಮ್ಮ ನಟರಾಗಲಿ ಸಂಭಾಷಣೆಕಾರರಾಗಲಿ ಯಾರಿಗೂ ಕಡಿಮೆಯಿಲ್ಲ. ಕೊನೆಯಿಲ್ಲದ ಕಥೆಗೆ ಆಕಾರ ಕೊಡುವುದು ಅವರ ಕೈಯಲ್ಲಿ ಇಲ್ಲ. ಕೊರಿಯಾದಲ್ಲಿ ವಾರಕ್ಕೆ ಎರಡರಂತೆ, ಸಾಮಾನ್ಯವಾಗಿ ಒಂದೊಂದು ಗಂಟೆಯ 16 ಕಂತುಗಳಲ್ಲಿ ಕಥೆ ಮುಗಿಯಬೇಕು ಎಂಬುದು ಮೊದಲೇ ನಿಶ್ಚಯ. ಆದರೆ ಆ ಕಟ್ಟುಪಾಡಿನಿಂದಲೂ ಒಂದು ಕೆಡುಕಾಗಿದೆ. ಹನ್ನೆರಡನೆಯ ಕಂತಿನ ಆಸುಪಾಸಿನಲ್ಲಿ ಜೋಡಿ ಅಗಲಲೇಬೇಕೆಂಬ ಅಲಿಖಿತ ನಿಯಮವೊಂದು ಹುಟ್ಟಿಕೊಂಡು, ಅದನ್ನು ಪಾಲಿಸಲು ಎಲ್ಲಿಂದಲೋ ಲಾರಿಯೊಂದು ವೇಗವಾಗಿ ಬರುತ್ತದೆ, ಇಲ್ಲವೇ ನಾಯಕನ ಶ್ರೀಮಂತ ತಾಯಿ ಮಗನನ್ನು ಬಿಟ್ಟುಬಿಡೆಂದು ನಾಯಕಿಯ ಮುಂದೆ ಹಣದ ಲಕೋಟೆಯನ್ನು ಮೇಜಿನ ಮೇಲೆ ತಳ್ಳುತ್ತಾಳೆ. ಸಾಲದ್ದಕ್ಕೆ 2010ರಲ್ಲಿ ಕಾನೂನು ಸಡಿಲಗೊಂಡ ಮೇಲೆ ಕಥೆಯ ನಡುವೆಯೇ ಸರಕುಗಳ ಜಾಹೀರಾತು ಸೇರಿಕೊಂಡಿತು. ವಿರಹದಲ್ಲಿ ಕಂಗೆಟ್ಟ ನಾಯಕಿ ಬ್ರ್ಯಾಂಡಿನ ಹೆಸರು ಕಾಣುವ ಹಾಗೆ ಹಿಡಿದು ತುಟಿಗೆ ಬಣ್ಣ ಹಚ್ಚಿಕೊಳ್ಳುವಾಗ ನನಗಂತೂ ಅವಳ ದುಃಖದ ಮೇಲೆ ನಂಬಿಕೆ ಹೊರಟುಹೋಗುತ್ತದೆ.

ಪಾಕಿಸ್ತಾನದ ಧಾರಾವಾಹಿಗಳು 2014ರಲ್ಲಿ ಜಿಂದಗಿ ವಾಹಿನಿಯ ಮೂಲಕ ಭಾರತದ ಮನೆಗಳಿಗೆ ಬಂದು, 2016ರಲ್ಲಿ ಉರಿ ದಾಳಿಯ ಬಳಿಕ ನಿಂತುಹೋದವು. ಆ ಎರಡು ವರ್ಷಗಳಲ್ಲಿ ಕಂಡ ‘ಜಿಂದಗಿ ಗುಲ್‌ಜಾರ್ ಹೈ’ಯನ್ನು ನಾನು ಇಲ್ಲಿ ನೆನೆಯಲೇಬೇಕು. ಹೆಣ್ಣುಮಕ್ಕಳನ್ನೇ ಹೆತ್ತಳೆಂಬ ಕಾರಣಕ್ಕೆ ತಾಯಿಯನ್ನು ಕಡೆಗಣಿಸಿ ಇನ್ನೊಂದು ಮದುವೆಯಾದ ತಂದೆಯನ್ನು ಕಂಡು ಬೆಳೆದ ಕಶಫ್, ಶ್ರೀಮಂತನಾದ ಜಾರೂನ್‌ನನ್ನು ನಂಬಲಾರಳು. ಅವನು ಒಳ್ಳೆಯವನೆಂದು ತಿಳಿದ ಮೇಲೂ ನಂಬಲಾರಳು, ಮದುವೆಯಾದ ಮೇಲೂ ಪೂರ್ತಿ ನಂಬಲಾರಳು. ಅಪನಂಬಿಕೆಯನ್ನು ಇಷ್ಟು ತಾಳ್ಮೆಯಿಂದ, ಅದಕ್ಕೆ ಕಾರಣ ಕೊಟ್ಟು, ಪ್ರೇಮದ ಎದುರಿಗೆ ನಿಲ್ಲಿಸಿದ್ದು ಅದರ ಹೆಚ್ಚುಗಾರಿಕೆ. ಕೊನೆಯ ಕಂತುಗಳಲ್ಲಿ ಹೆಣ್ಣಿಗೆ ಹೇಳುವ ಬುದ್ಧಿಮಾತು ಅತಿಯಾಯಿತು ಎಂಬುದೂ ನಿಜ.

ಭಾರತದಲ್ಲಿ ಕೊರಿಯಾದ ಧಾರಾವಾಹಿಗಳಿಗೆ ಮೊದಲು ನೆಲೆ ಸಿಕ್ಕಿದ್ದು ಮಣಿಪುರದಲ್ಲಿ. 2000ದಲ್ಲಿ ಅಲ್ಲಿನ ಬಂಡುಕೋರರು ಹಿಂದಿ ಚಿತ್ರಗಳನ್ನೂ ವಾಹಿನಿಗಳನ್ನೂ ನಿಷೇಧಿಸಿದ ಮೇಲೆ ಆ ಜಾಗವನ್ನು ಕೊರಿಯಾದ ಅರಿರಂಗ್ ವಾಹಿನಿ ತುಂಬಿತು. ಉಳಿದವರು ತಡವಾಗಿ ಬಂದೆವು. 2020ರ ಲಾಕ್‌ಡೌನ್ ವರ್ಷದಲ್ಲಿ ಭಾರತದಲ್ಲಿ ಕೊರಿಯಾದ ಧಾರಾವಾಹಿಗಳ ವೀಕ್ಷಣೆ ಹಿಂದಿನ ವರ್ಷಕ್ಕಿಂತ ಶೇ. 370ರಷ್ಟು ಏರಿತೆಂದು ನೆಟ್‌ಫ್ಲಿಕ್ಸ್ ಹೇಳಿಕೊಂಡಿತು. ಆ ವರ್ಷ ಮನೆಯಿಂದ ಮನೆಗೆ ಹಬ್ಬಿದ ಹೆಸರು ‘ಕ್ರ್ಯಾಶ್ ಲ್ಯಾಂಡಿಂಗ್ ಆನ್ ಯೂ’. ಪಾರ್ಕ್ ಜಿ ಯುನ್ ಬರೆದ, ಹ್ಯೂನ್ ಬಿನ್ ಮತ್ತು ಸೊನ್ ಯೆ ಜಿನ್ ನಟಿಸಿದ ಈ 16 ಕಂತುಗಳ ಧಾರಾವಾಹಿ ನನ್ನ ಅಳತೆಗೋಲಿಗೆ ಚೆನ್ನಾಗಿ ಒದಗುತ್ತದೆ. ದಕ್ಷಿಣ ಕೊರಿಯಾದ ಶ್ರೀಮಂತ ಉದ್ಯಮಿ ಸೆರಿ ಪ್ಯಾರಾಗ್ಲೈಡಿಂಗ್ ಮಾಡುವಾಗ ಸುಂಟರಗಾಳಿಗೆ ಸಿಕ್ಕಿ ಗಡಿಯಾಚೆ ಬೀಳುತ್ತಾಳೆ. ಅವಳನ್ನು ಕಂಡವನು ಉತ್ತರ ಕೊರಿಯಾದ ಸೇನಾಧಿಕಾರಿ ರಿ ಜೊಂಗ್ ಹ್ಯೊಕ್. ಆರಂಭ ನಂಬಲಾಗದ್ದು, ಒಪ್ಪುತ್ತೇನೆ. ಆದರೆ ಅವರ ನಡುವಿನ ಅಡ್ಡಿ 1953ರ ಕದನವಿರಾಮದಿಂದ ಇಂದಿನವರೆಗೂ ನಿಂತಿರುವ ಗಡಿ. ಅದನ್ನು ಯಾವ ಲೇಖಕರೂ ಕಲ್ಪಿಸಿದ್ದಲ್ಲ.

ಆ ಗಡಿಯನ್ನು ಧಾರಾವಾಹಿ ದೊಡ್ಡ ಮಾತುಗಳಲ್ಲಿ ವಿವರಿಸದೆ ಸಣ್ಣ ಸಾಮಾನುಗಳ ಮೂಲಕ ತೋರಿಸುತ್ತದೆ. ಸೆರಿ ಅವನ ಮನೆಯಲ್ಲಿದ್ದಾಗ ಪರಿಮಳದ ಮೇಣದಬತ್ತಿ ಬೇಕೆನ್ನುತ್ತಾಳೆ. ವಿದ್ಯುತ್ತು ಆಗಾಗ ಹೋಗುವ ಆ ಹಳ್ಳಿಯಲ್ಲಿ ಮೇಣದಬತ್ತಿ ಇರುವುದು ಬೆಳಕಿಗೆ. ಅವನು ಸಾದಾ ಮೇಣದಬತ್ತಿ ತಂದುಕೊಡುತ್ತಾನೆ. ಮುಂದೊಮ್ಮೆ ಸಂಜೆಗತ್ತಲಲ್ಲಿ ಅವಳು ಸಂತೆಯ ಜನಜಂಗುಳಿಯಲ್ಲಿ ದಾರಿ ತಪ್ಪಿ ಹೆದರಿ ನಿಂತಾಗ, ಜನರ ತಲೆಗಳ ಮೇಲೆ ಒಂದು ಮೇಣದಬತ್ತಿಯನ್ನು ಎತ್ತಿ ಹಿಡಿದು ಅವನು ಬರುತ್ತಾನೆ, ಈ ಸಲ ಅದು ಪರಿಮಳದ್ದು. ಅವನು ಎಷ್ಟು ಅಂಗಡಿ ಅಲೆದನೆಂದು ಯಾರೂ ಹೇಳುವುದಿಲ್ಲ. ಎರಡು ನಾಡುಗಳ ನಡುವಿನ ಅಂತರವೆಷ್ಟು, ಅದನ್ನು ಒಬ್ಬ ಮನುಷ್ಯ ತನ್ನಿಂದಾದ ಮಟ್ಟಿಗೆ ಹೇಗೆ ಕಡಿಮೆ ಮಾಡಬಲ್ಲ ಎಂಬುದು ಆ ಒಂದು ವಸ್ತುವಿನಲ್ಲಿ ಬಂದುಬಿಟ್ಟಿತು. ಸೆರಿಯನ್ನು ಮೊದಮೊದಲು ಓರೆಗಣ್ಣಿನಿಂದ ನೋಡಿ ಆಮೇಲೆ ತಮ್ಮೊಳಗೆ ಸೇರಿಸಿಕೊಳ್ಳುವ ಹಳ್ಳಿಯ ಹೆಂಗಸರೂ ಸೈನಿಕ ಹುಡುಗರೂ ನಾಯಕ ನಾಯಕಿಯರಷ್ಟೇ ಮನಸ್ಸಿನಲ್ಲಿ ಉಳಿಯುತ್ತಾರೆ. ಎರಡನೆಯ ಅರ್ಧದಲ್ಲಿ ಕಥೆ ಸೋಲ್‌ಗೆ ಹೋಗಿ ಖಳನ ಬೆನ್ನಟ್ಟುವ ಕಂತುಗಳು ನನಗೆ ಬೇಡವಾಗಿದ್ದವು. ಗಡಿಯಂಥ ಗಡಿಯೇ ಇರುವಾಗ ಪಿಸ್ತೂಲು ಹಿಡಿದವನೊಬ್ಬನ ಅಗತ್ಯವೇನಿತ್ತು? ಮುಕ್ತಾಯ ಮಾತ್ರ ಪ್ರಾಮಾಣಿಕವಾಗಿದೆ. ಗಡಿ ಅಳಿಯುವುದಿಲ್ಲ; ಇಬ್ಬರೂ ವರ್ಷಕ್ಕೆ ಎರಡು ವಾರ ಸ್ವಿಟ್ಜರ್ಲೆಂಡಿನಲ್ಲಿ ಜೊತೆಗಿರುತ್ತಾರೆ, ಉಳಿದ ಐವತ್ತು ವಾರ ಇರುವುದಿಲ್ಲ.

ಐದು ವರ್ಷಗಳ ಬಳಿಕ, 2025ರ ಮಾರ್ಚ್‌ನಲ್ಲಿ, ಲಿಮ್ ಸಾಂಗ್ ಚುನ್ ಬರೆದ ‘ವೆನ್ ಲೈಫ್ ಗಿವ್ಸ್ ಯೂ ಟ್ಯಾಂಜರೀನ್ಸ್’ ಬಂತು. ದಕ್ಷಿಣ ಕೊರಿಯಾದ ಜೇಜು ದ್ವೀಪದಲ್ಲಿ ಉಸಿರು ಬಿಗಿಹಿಡಿದು ಕಡಲೊಳಗೆ ಮುಳುಗಿ ಶಂಖಚಿಪ್ಪು ತೆಗೆಯುವ ಹೆಂಗಸೊಬ್ಬಳ ಮಗಳು ಏಸುನ್, ಕವಿಯಾಗಬೇಕೆಂದವಳು. ಅವಳು ಪುಸ್ತಕದಲ್ಲಿ ಮುಳುಗಿದ್ದಾಗ ಅವಳ ಪಾಲಿನ ಎಲೆಕೋಸನ್ನು ತಾನು ಮಾರಿಕೊಡುವ ಗ್ವಾನ್‌ಸಿಕ್ ಅವಳ ಗಂಡನಾಗುತ್ತಾನೆ. ಇಲ್ಲಿ ಇಬ್ಬರೂ ಬೇಗನೆ ಸೇರುತ್ತಾರೆ, ಅಡ್ಡಿಗಳು ಶುರುವಾಗುವುದು ಆಮೇಲೆ: ಬಡತನ, ಗಂಡನ ಮನೆಯವರ ಮಾತು, ಮಗುವಿನ ಸಾವು. ಆ ಮನೆಯಲ್ಲಿ ಗಂಡಸರಿಗೊಂದು ಊಟದ ಮೇಜು, ಹೆಂಗಸರಿಗೆ ಬೇರೆ. ಒಂದು ದಿನ ಗ್ವಾನ್‌ಸಿಕ್ ಏನೂ ಹೇಳದೆ, ಕೂತಲ್ಲಿಯೇ ಹಿಂದಕ್ಕೆ ತಿರುಗಿ, ಗಂಡಸರ ಮೇಜಿಗೆ ಬೆನ್ನು ಹಾಕಿ ಹೆಂಡತಿ ಮಗಳ ಕಡೆಗೆ ಮುಖ ಮಾಡಿ ಉಣ್ಣತೊಡಗುತ್ತಾನೆ. ಬಡಿಸುವವರು ಕಡೆಗೆ ಉಣ್ಣುವ ಪದ್ಧತಿಯನ್ನು ನಮ್ಮ ಮನೆಗಳಲ್ಲಿ ಕಂಡವರಿಗೆ ಅಲ್ಲಿ ಯಾವ ವಿವರಣೆಯೂ ಬೇಕಾಗುವುದಿಲ್ಲ. ಗ್ವಾನ್‌ಸಿಕ್ ಅತಿಯಾಗಿ ಒಳ್ಳೆಯವನು, ದೋಷವೇ ಇಲ್ಲದ ಗಂಡ ನಂಬಿಕೆಗೆ ದೂರ ಎಂಬ ಟೀಕೆಯನ್ನು ನಾನೂ ಸ್ವಲ್ಪ ಮಟ್ಟಿಗೆ ಒಪ್ಪುತ್ತೇನೆ.

ಇದೇ ಧಾರಾವಾಹಿಯಲ್ಲಿ ನಾನು ಆಗಲೇ ಹೇಳಿದ ಶ್ರೀಮಂತ ತಾಯಿ ಮತ್ತೆ ಬರುತ್ತಾಳೆ. ಏಸುನ್ ದಂಪತಿ ಮನೆ ಮಾರಿ ಓದಿಸಿದ ಮಗಳು ಗಮ್ಯೊಂಗ್‌ಳನ್ನು ಅವಳ ಪ್ರಿಯಕರ ಯೊಂಗ್‌ಬಮ್‌ನ ತಾಯಿ ತನ್ನ ಅಂತಸ್ತಿಗೆ ತಕ್ಕವಳಲ್ಲವೆಂದು ಕೀಳಾಗಿ ಕಾಣುತ್ತಾಳೆ. ಹಿಂದಿನ ಧಾರಾವಾಹಿಗಳಾಗಿದ್ದರೆ ಆ ತಾಯಿಯನ್ನು ಗೆಲ್ಲಲು ನಾಲ್ಕು ಕಂತು ಬೇಕಾಗುತ್ತಿತ್ತು. ಇಲ್ಲಿ ತನ್ನ ಹೆತ್ತವರು ಆ ಮನೆಯವರ ಎದುರು ಕುಗ್ಗಿ ಕೂರುವುದನ್ನು ಕಂಡ ಗಮ್ಯೊಂಗ್ ಮದುವೆಯನ್ನು ತಾನೇ ನಿಲ್ಲಿಸುತ್ತಾಳೆ. ಯೊಂಗ್‌ಬಮ್ ಕೆಟ್ಟವನಲ್ಲ, ಅವಳ ಮೇಲಿನ ಅವನ ಪ್ರೀತಿ ಸುಳ್ಳೂ ಅಲ್ಲ. ತಾಯಿಯ ಎದುರು ಬಾಯಿ ಬಿಡಲಾರದವನು. ಕಥೆ ಅವನನ್ನು ಹಂಗಿಸುವುದೂ ಇಲ್ಲ, ಅವಳನ್ನು ಅವನ ಬಳಿಗೆ ಮರಳಿಸುವುದೂ ಇಲ್ಲ. ಸಿನಿಮಾ ಮಂದಿರಕ್ಕೆ ಭಿತ್ತಿಚಿತ್ರ ಬರೆಯುವ ಚುಂಗ್‌ಸೊಪ್‌ನನ್ನು ಅವಳು ಮುಂದೆ ಮದುವೆಯಾಗುತ್ತಾಳೆ, ಮತ್ತು ಆ ಎರಡನೆಯ ಪ್ರೇಮವನ್ನು ಮೊದಲನೆಯದಕ್ಕಿಂತ ಕಡಿಮೆಯದೆಂದು ಧಾರಾವಾಹಿ ಎಲ್ಲಿಯೂ ಸೂಚಿಸುವುದಿಲ್ಲ.

ನಮಸ್ಕಾರ.